ಕೇಳಸ್ತೈತೇನ್ರೀ, ಮೇಡಂ?

ಧಾರವಾಡದಿಂದ ಬೆಳಗಾವಿ ಕಡೆ ಹೊರಟರೆ, ಊರು ಮುಗಿಯಿತು ಅನ್ನುವಷ್ಟರಲ್ಲಿ ಬೇಲೂರು ಕೈಗಾರಿಕಾ ಪ್ರದೇಶ ಶುರುವಾಗುತ್ತದೆ. ಟಾಟಾ ಮಾರ್ಕೊಪೋಲೊದ ಬಸ್ ಕಾರ್ಖಾನೆ ಇಲ್ಲಿದೆ. ಹೈಕೋರ್ಟಿನ ಧಾರವಾಡ ಪೀಠ ಇಲ್ಲೇ ಹೆದ್ದಾರಿಗೆ ಮುಖ ಮಾಡಿ ನಿಂತಿದೆ. ಸ್ವಂತ ಕ್ಯಾಂಪಸ್ಸಿಗೆ ಹೋಗುವ ಮುಂಚೆ ಐಐಟಿ ಕೂಡ ಇಲ್ಲಿಯ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ ‘ವಾಲ್ಮಿ’ಯ ಕಟ್ಟಡಗಳಲ್ಲೇ ಇತ್ತು. 2020ರ ಲಾಕ್‌ಡೌನಿನಲ್ಲಿ ಕೋರ್ಟು ವಿಡಿಯೋ ವಿಚಾರಣೆಗೆ ಹೊರಳಿತು, ಐಐಟಿಯ ಪಾಠ ಲ್ಯಾಪ್‌ಟಾಪಿಗೆ ಬಂತು. ಕಾರ್ಖಾನೆ ಮಾತ್ರ ಬಾಗಿಲು ಹಾಕಿಕೊಂಡು ಕೂತಿತು. ಬಸ್ಸಿನ ಚೌಕಟ್ಟನ್ನು ಮನೆಯಲ್ಲಿ ಕೂತು ಬೆಸೆಯಲು ಬರುವುದಿಲ್ಲ ಅನ್ನುವುದಕ್ಕೆ ಯಾರಿಗೂ ಸುತ್ತೋಲೆ ಬೇಕಾಗಲಿಲ್ಲ.

ಯಾವುದು ಮಾತಿನ ಕೆಲಸ, ಯಾವುದು ಕೈಕೆಲಸ ಎಂಬ ಈ ಸರಳ ತಿಳಿವಳಿಕೆ ನರ್ಸಿಂಗ್ ಶಿಕ್ಷಣದ ಮಟ್ಟಿಗೆ ಮಸುಕಾಯಿತು. ಅದೂ ಎಂಥ ವರ್ಷದಲ್ಲಿ! ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿ ಇನ್ನೂರು ವರ್ಷವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2020ನ್ನು ನರ್ಸ್ ಮತ್ತು ಸೂಲಗಿತ್ತಿಯರ ವರ್ಷವೆಂದು ಮೊದಲೇ ಸಾರಿತ್ತು. ಆ ವರ್ಷವೇ ನರ್ಸ್ ಆಗಹೊರಟವರು ರೋಗಿಯನ್ನು ನೋಡದೆ ಮನೆಯಲ್ಲಿ ಕೂರಬೇಕಾಯಿತು. ಕಾಲೇಜುಗಳಿಗೆ ಬೇರೆ ದಾರಿ ಇರಲಿಲ್ಲ, ಒಪ್ಪೋಣ. ನನ್ನ ತಕರಾರು ಆನ್‌ಲೈನಿಗೆ ಹೋದದ್ದರ ಬಗ್ಗೆ ಅಲ್ಲ. ಅದರಿಂದ ಹುಟ್ಟಿದ ಸಂಕಟವನ್ನು ತಪ್ಪಾಗಿ ಓದಿಕೊಂಡದ್ದರ ಬಗ್ಗೆ.

ಆ ಓದು ಹೀಗಿತ್ತು: ಮಕ್ಕಳು ಒಂಟಿಯಾಗಿದ್ದಾರೆ, ಒತ್ತಡದಲ್ಲಿದ್ದಾರೆ, ಮೊಬೈಲು ನೋಡಿ ದಣಿದಿದ್ದಾರೆ. ಆದ್ದರಿಂದ ಒತ್ತಡ ನಿರ್ವಹಣೆಯ ವೆಬಿನಾರು, ಹತ್ತು ನಿಮಿಷ ಪ್ರಾಣಾಯಾಮ, ಕೊನೆಗೆ ಒಂದು ಗೂಗಲ್ ಫಾರ್ಮು, ಅದನ್ನು ತುಂಬಿದರೆ ಇ-ಪ್ರಮಾಣಪತ್ರ. ಪರದೆ ನೋಡಿ ದಣಿದವರಿಗೆ ಇನ್ನೊಂದು ಪರದೆಯ ಔಷಧಿ. ಒಂಟಿತನ ಸುಳ್ಳೇನಲ್ಲ. ಆದರೆ ಅದು ಬಿಕಾಂ ಹುಡುಗನಿಗೂ ಇತ್ತು. ನರ್ಸಿಂಗ್ ವಿದ್ಯಾರ್ಥಿನಿಯದು ಬೇರೆಯದೇ ಕಸಿವಿಸಿ: ‘ನನ್ನ ಕೈಗೆ ಏನೂ ಬರೂದಿಲ್ಲ, ನಾಳೆ ಯಾರದರೆ ಜೀವಕ್ಕ ಕುತ್ತು ತಂದೇನು.’ ಇದು ಒತ್ತಡವಲ್ಲ, ಆತ್ಮಸಾಕ್ಷಿ. ಪ್ರಾಣಾಯಾಮದಿಂದ ಇಳಿಯುವಂಥದ್ದಲ್ಲ.

ಆ ಕಾರ್ಖಾನೆಗಳ ಸುತ್ತಲಿನ ಹಳ್ಳಿಗಳಾದ ಮುಮ್ಮಿಗಟ್ಟಿ, ಕೋಟೂರು, ಗರಗದ ಕಡೆಯ ಮನೆಗಳನ್ನು ನೆನೆಸಿಕೊಳ್ಳಿ. ಅಪ್ಪನ ಶಿಫ್ಟು ನಿಂತಿದೆ. ಎರಡು ಕೋಣೆ, ಒಂದು ಮೊಬೈಲು, ಅದರ ಮೇಲೆ ತಮ್ಮನ ಹಕ್ಕೂ ಇದೆ. ಆ ಕಡೆಯಿಂದ ‘ಕ್ಯಾಮೆರಾ ಆನ್ ಮಾಡಿ’ ಎಂಬ ಅಪ್ಪಣೆ. ಆನ್ ಮಾಡಿದರೆ ಹಿಂದೆ ಕಾಣುವುದು ಒಲೆ, ಒಗೆದ ಬಟ್ಟೆ, ಮಲಗಿದ ಅಜ್ಜಿ. ಮೊದಲ ವರ್ಷದ ನರ್ಸಿಂಗ್ ಫೌಂಡೇಶನ್ ಅಂದರೆ ಹಾಸಿಗೆ ಹಾಸುವುದು, ರೋಗಿಯನ್ನು ಮಗ್ಗುಲು ಬದಲಿಸುವುದು, ನಾಡಿ ಎಣಿಸುವುದು, ಬಿಪಿ ನೋಡುವುದು. ವಿಡಿಯೋ ನೋಡಿ ಇವನ್ನು ಬರೆದಿಡಬಹುದು. ದಿಂಬಿಗೆ ಚುಚ್ಚಿ ನೋಡಲೂಬಹುದು, ಆದರೆ ದಿಂಬು ‘ಅಯ್ಯೋ’ ಅನ್ನುವುದಿಲ್ಲ. ಆ ‘ಅಯ್ಯೋ’ ಕೇಳಿಯೂ ಕೈ ನಡುಗದಂತೆ ನಿಲ್ಲುವುದೇ ಪಾಠ. ಅದನ್ನು ಕಲಿಸುವುದು ಹಿಂದೆ ನಿಂತ ಹಿರಿಯ ಸಿಸ್ಟರ್.

ಯಾವ ವೆಬಿನಾರೂ ಗಮನಿಸದ ಇನ್ನೊಂದು ನಷ್ಟವಿದೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿ ನರ್ಸಿಂಗ್ ಸೇರಿದ ಮೊದಲ ಆರು ತಿಂಗಳು ದಾಟುವುದು ಪುಸ್ತಕದಿಂದಲ್ಲ, ಪಕ್ಕದವಳ ಪಿಸುಮಾತಿನಿಂದ. ಮೇಡಂ ಇಂಗ್ಲಿಷಿನಲ್ಲಿ ಏನೋ ಹೇಳುತ್ತಾರೆ. ಬೆಂಚಿನ ಗೆಳತಿ ಬಾಯಿಗೆ ಕೈ ಅಡ್ಡ ಹಿಡಿದು ‘ಉಸಿರಾಟಕ್ಕ ಹಂಗಂತಾರ’ ಅನ್ನುತ್ತಾಳೆ. ಅಷ್ಟರಿಂದ ಅರ್ಥವೂ ಆಗುತ್ತದೆ, ಧೈರ್ಯವೂ ಬರುತ್ತದೆ. ಆನ್‌ಲೈನ್ ಕ್ಲಾಸಿನಲ್ಲಿ ಪಿಸುಗುಡಲು ಜಾಗವಿಲ್ಲ. ಮೈಕು ಆನ್ ಮಾಡಿದರೆ ಅರವತ್ತು ಜನ ಕೇಳುತ್ತಾರೆ. ಚಾಟಿನಲ್ಲಿ ಬರೆದರೆ ಇಂಗ್ಲಿಷು ತಪ್ಪಾದೀತೆಂಬ ಭಯ. ಹಾಗಾಗಿ ಅವಳು ಸುಮ್ಮನಿರುತ್ತಾಳೆ. ಸುಮ್ಮನಿದ್ದವಳಿಗೆ ಹಾಜರಿ ಬೀಳುತ್ತದೆ.

ಮೌನದ ಮಾತು ಬಂತು, ಸ್ವಲ್ಪ ನಿಲ್ಲುತ್ತೇನೆ. ಮನೋರೋಗ ಶುಶ್ರೂಷೆಯ ಪಠ್ಯದಲ್ಲಿ ಮೌನವೂ ಒಂದು ಉಪಚಾರ. ರೋಗಿ ಮಾತು ನಿಲ್ಲಿಸಿದಾಗ ನರ್ಸ್ ಅವಸರಪಡದೆ ಜೊತೆಗಿರಬೇಕು. ಈ ಭಾಗದ ನರ್ಸಿಂಗ್ ಮಕ್ಕಳು ಇದನ್ನು ಕಲಿಯಲು ಹೋಗುವುದು ಧಾರವಾಡದ ಡಿಮ್ಹಾನ್ಸ್‌ಗೆ. 1845ರ ಕಾಲದಿಂದ ನಡೆದುಬಂದ ಆ ಆಸ್ಪತ್ರೆಯನ್ನು ಹಳಬರು ಇನ್ನೂ ‘ಹುಚ್ಚರ ದವಾಖಾನಿ’ ಅನ್ನುವುದುಂಟು. ಮೊದಲ ದಿನ ಹೆದರಿ ಗೋಡೆಗೆ ಆತುಕೊಂಡವಳು ಹದಿನೈದು ದಿನದಲ್ಲಿ ರೋಗಿಯ ಪಕ್ಕ ಕೂತು ಏನೂ ಆಡದೆ ಇರಬಲ್ಲಳು. ಆ ಬದಲಾವಣೆಗೆ ಅಂಕವಿಲ್ಲ, ಆದರೆ ಇಡೀ ಕೋರ್ಸಿನ ತಿರುಳು ಅದು. ಪರದೆಯ ಮೇಲೆ ಇದೇ ಪಾಠ ಹೇಗೆ ನಡೆದೀತು? ಮೇಡಂ ಎರಡು ಕ್ಷಣ ಮಾತು ನಿಲ್ಲಿಸಿದರೆ ಸಾಕು, ‘ಮೇಡಂ, ಆಡಿಯೋ ಬರವಲ್ತು’, ‘ಕೇಳಸ್ತೈತೇನ್ರೀ?’ ಎಂಬ ಕೂಗು. ಆನ್‌ಲೈನಿನಲ್ಲಿ ಮೌನಕ್ಕೆ ಇರುವುದು ಒಂದೇ ಅರ್ಥ: ನೆಟ್‌ವರ್ಕ್ ಹೋಗಿದೆ.

ಒಳ್ಳೆಯದನ್ನೂ ಹೇಳಬೇಕು. ಅನಾಟಮಿ, ಫಿಸಿಯಾಲಜಿಯಂಥ ಪಾಠಗಳಿಗೆ ರೆಕಾರ್ಡಿಂಗು ನಿಜಕ್ಕೂ ಉಪಕಾರಿ. ಮೂರು ಸಲ ಕೇಳಬಹುದು, ಯಾರೂ ನಗುವುದಿಲ್ಲ. ಕಳೆದುಹೋದ ಪಿಸುಮಾತಿಗೆ ವಾಟ್ಸಾಪ್ ಗುಂಪೊಂದು ಬದಲಿಯಾಗಬಲ್ಲದು, ಕನ್ನಡದ ವಾಯ್ಸ್ ಮೆಸೇಜುಗಳ ರೂಪದಲ್ಲಿ. ಆದರೆ ಆ ಗುಂಪಿನಲ್ಲಿ ಮೇಡಂ ಇರಬಾರದು. ಕ್ಲಾಸು ಮುಗಿದ ಮೇಲೆ ಶಿಕ್ಷಕಿ ಮಾಡುವ ‘ಊಟ ಆತೇನವಾ?’ ಎಂಬ ಒಂದು ಫೋನು ಹತ್ತು ವೆಬಿನಾರಿಗಿಂತ ದೊಡ್ಡದು. ಅದಕ್ಕೆ ಪ್ರಮಾಣಪತ್ರವಿಲ್ಲದ್ದರಿಂದ ಯಾವ ವರದಿಯಲ್ಲೂ ಅದು ಸಿಗುವುದಿಲ್ಲ.

ಆಮೇಲೆ 2021ರ ಮೇ ಬಂತು. ಎರಡನೇ ಅಲೆಯಲ್ಲಿ ಕೈ ಸಾಲದೆ, ಅಂತಿಮ ವರ್ಷದ ಪರೀಕ್ಷೆಗೆ ಕಾದಿದ್ದ ಬಿಎಸ್ಸಿ ಮತ್ತು ಜಿಎನ್ಎಂ ಡಿಪ್ಲೊಮಾ ನರ್ಸಿಂಗ್ ವಿದ್ಯಾರ್ಥಿಗಳನ್ನೂ ಕೋವಿಡ್ ಕರ್ತವ್ಯಕ್ಕೆ ಬಳಸಬಹುದೆಂದು ಕೇಂದ್ರ ಸರ್ಕಾರ ಹೇಳಿತು. ನೂರು ದಿನ ದುಡಿದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಆದ್ಯತೆಯ ಮಾತೂ ಬಂತು. ಒಂದು ವರ್ಷ ‘ಸುರಕ್ಷಿತವಾಗಿ ಮನೆಯಲ್ಲಿರಿ’ ಎಂದ ವ್ಯವಸ್ಥೆಯೇ ಒಂದು ಬೆಳಿಗ್ಗೆ ‘ಪಿಪಿಇ ಕಿಟ್ ಹಾಕಿಕೊಳ್ಳಿ’ ಅಂದಿತು. ಸೇವೆಯ ಹೆಸರಿನಲ್ಲಿ ಇದನ್ನು ಹೊಗಳಿದವರೇ ಹೆಚ್ಚು. ಮನೆಯಲ್ಲಿ ಕೂತು ಆತ್ಮವಿಶ್ವಾಸ ಕರಗಿಸಿಕೊಂಡವರನ್ನು ಸಾವಿನ ನಡುವೆ ನಿಲ್ಲಿಸುವ ಮುನ್ನ ಅವರೊಂದಿಗೆ ಯಾರು ಕೂತು ಮಾತಾಡುತ್ತಾರೆ ಎಂಬುದು ಆ ಘೋಷಣೆಯಲ್ಲಿರಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಶುರುವಾದದ್ದೂ 2022ರ ಅಕ್ಟೋಬರಿನಲ್ಲಿ.

ಕಾಲೇಜು ತೆರೆದು ಮರಳಿ ಕೂಡಿದಾಗಲೂ ಕಟಕಟೆಯಲ್ಲಿ ನಿಂತವರು ವಿದ್ಯಾರ್ಥಿಗಳೇ. 2021ರ ನವೆಂಬರಿನಲ್ಲಿ ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ಒಂದು ಸಮಾರಂಭದ ನಂತರ ವಿದ್ಯಾರ್ಥಿಗಳು, ಸಿಬ್ಬಂದಿ ಸೇರಿ ಮುನ್ನೂರಕ್ಕೂ ಹೆಚ್ಚು ಜನರಿಗೆ ಸೋಂಕು ಕಂಡಾಗ ಊರೆಲ್ಲ ಬೈದದ್ದು ‘ಪಾರ್ಟಿ ಬೇಕಾಗಿತ್ತಾ ಇವರಿಗೆ’ ಎಂದು. ಇಷ್ಟು ದಿನ ಒಂಟಿಯಾಗಿ ಕೂತವರಿಗೆ ಬೇಕಾಗಿತ್ತು ಅಂತಲೇ ನನ್ನ ಅನಿಸಿಕೆ. ಗಾಳಿಯಾಡುವ ಬಯಲಿನಲ್ಲಿ ನಡೆಸಬಹುದಿತ್ತು, ಅಷ್ಟೇ.

ನರ್ಸಿಂಗ್ ವಿದ್ಯಾರ್ಥಿಗಳ ಕೈಯಲ್ಲಿ ಒಂದು ಪ್ರೊಸೀಜರ್ ಪುಸ್ತಕ ಇರುತ್ತದೆ. ಎಷ್ಟು ಇಂಜೆಕ್ಷನ್, ಎಷ್ಟು ಡ್ರೆಸ್ಸಿಂಗ್, ಎಷ್ಟು ಕ್ಯಾಥಿಟರ್ ಅನ್ನುವುದರ ಲೆಕ್ಕ, ಪ್ರತಿಯೊಂದರ ಎದುರಿಗೆ ಸಹಿ. ಭಯ ಎಷ್ಟು ಸಲ, ಯಾರೆದುರು ಹೇಳಿಕೊಂಡೆ ಎಂಬುದಕ್ಕೆ ಅದರಲ್ಲಿ ಅಂಕಣವಿಲ್ಲ. ಆನ್‌ಲೈನಿನಲ್ಲಿ ಓದಿದ ಆ ಬ್ಯಾಚುಗಳವರು ಈಗ ವಾರ್ಡುಗಳಲ್ಲಿ ನೈಟ್ ಡ್ಯೂಟಿ ಮಾಡುತ್ತಿದ್ದಾರೆ, ಹೊಸದಾಗಿ ಬಂದ ಹುಡುಗಿಯರ ಹಿಂದೆ ನಿಂತು ‘ಗಡಿಬಿಡಿ ಮಾಡಬ್ಯಾಡ, ನಾಡಿ ಪೂರಾ ಒಂದು ನಿಮಿಷ ಎಣಸು’ ಅನ್ನುತ್ತಿದ್ದಾರೆ.