ಅರವತ್ತರ ಮೇಲೆ ರೊಟ್ಟಿ

ರೊಟ್ಟಿ ಚಲೋ ಬರುತ್ತದೋ ಇಲ್ಲವೋ ಎಂಬುದು ನಾಲಿಗೆಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಬೆಳಿಗ್ಗೆ ಯರಗೇರಾದ ಯಾವ ಓಣಿಯಲ್ಲಾದರೂ ನಿಂತು ಕೇಳಿ. ಉಂಡಿ ದಪ್ಪಗಿರುವಾಗ ‘ದಬ್ ದಬ್’. ಅಗಲವಾಗುತ್ತ ಬಂದಂತೆ ಅಂಗೈಗೆ ಕೆಳಗಿನ ಬಂಡೆ ಸಿಗತೊಡಗಿ ‘ಟಪ್ ಟಪ್’. ಎಲ್ಲೂ ನಿಲ್ಲದೆ ಒಂದು ಸದ್ದು ಇನ್ನೊಂದಕ್ಕೆ ಜಾರಿದರೆ ಒಳಗೆ ಕುಳಿತವರದು ಪಳಗಿದ ಕೈ. ತಡೆತಡೆದು ಬಂದರೆ ಅದು ಹೊಸ ಸೊಸೆ, ಇಲ್ಲವೇ ನಾನು.

ನೌಕರಿ ಮುಗಿಸಿದವರಿಗೆ ಊರು ಕೊಡುವ ಸಲಹೆಗಳು ನಾಲ್ಕೇ: ವಾಕಿಂಗ್, ಯೋಗ, ಮೊಮ್ಮಕ್ಕಳು, ಮಂತ್ರಾಲಯ. ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವ ಬಸ್ಸು ನಮ್ಮೂರ ಮೇಲೇ ಹೋಗುವುದರಿಂದ ಕೊನೆಯದು ಸಲೀಸು. ನನಗೆ ಮಾತ್ರ, ಆಯುಷ್ಯವೆಲ್ಲ ತಿಂದ ಪದಾರ್ಥವನ್ನು ಒಮ್ಮೆಯೂ ಕೈಯಾರೆ ಮಾಡಿಲ್ಲವಲ್ಲ ಎಂಬುದೇ ಕೊರೆಯುತ್ತಿತ್ತು. ತಿಂದು ತಿಂದು ರುಚಿ ಹೇಳುವುದರಲ್ಲಿ ನಿಪುಣನಾಗಿದ್ದೆ. ಹಂಚಿನ ಮುಂದೆ ಕುಳಿತ ಮೇಲೆ ಆ ನೈಪುಣ್ಯ ಯಾವ ಉಪಯೋಗಕ್ಕೂ ಬರಲಿಲ್ಲ.

ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿಲ್ಲ. ತಣ್ಣೀರಲ್ಲಿ ಕಲಸಿದರೆ ಹಿಟ್ಟು ಒಂದಕ್ಕೊಂದು ಹಿಡಿಯುವುದೇ ಇಲ್ಲ. ಅದಕ್ಕೇ ಕುದಿಯುವ ಎಸರು. ಪರಾತದಲ್ಲಿ ಹಿಟ್ಟಿನ ನಡುವೆ ಗುಂಡಿ ಮಾಡಿ ಎಸರು ಹೊಯ್ದರೆ ಒಂದಿಷ್ಟು ಹಿಟ್ಟು ಅಲ್ಲೇ ಬೆಂದು ಜಿಗಿ ಬಿಡುತ್ತದೆ, ಆ ಜಿಗಿಯೇ ಉಳಿದದ್ದನ್ನು ಕಟ್ಟಿಕೊಳ್ಳುತ್ತದೆ. ಕೈ ತಾಳುವಷ್ಟು ಆರಿದ ಕೂಡಲೇ ಅಂಗೈಯ ಬುಡದಿಂದ ನಾದಬೇಕು. ಪೂರ್ತಿ ಆರಲು ಬಿಟ್ಟಿರೋ, ತಟ್ಟುವಾಗ ಅಂಚು ಸೀಳುತ್ತದೆ. ಹಿಟ್ಟು ಹಳತಾದರೂ ಅದೇ ಗತಿ. ತಟ್ಟುವುದು ಬಲಗೈ ಕೆಲಸವೆಂದು ನೋಡುವವರಿಗೆ ಕಾಣುತ್ತದೆ. ನಿಜವಾದ ಕೆಲಸ ಎಡಗೈಯದು: ಬೆರಳ ತುದಿಗಳು ಅಂಚನ್ನು ಕಾಯುತ್ತ, ರೊಟ್ಟಿಯನ್ನು ಒಂದೊಂದು ಎಳ್ಳಿನಷ್ಟು ತಿರುಗಿಸುತ್ತ ಇರಬೇಕು. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುವುದು, ಆ ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವುವುದು. ಚೂರು ತಡವಾದರೂ ಮೇಲ್ಮೈ ಬಿರಿಯುತ್ತದೆ, ಬಿರಿದ ರೊಟ್ಟಿ ಉಬ್ಬುವುದಿಲ್ಲ.

ನನಗೆ ಇದನ್ನು ಕಲಿಸಿದ್ದು ಪಕ್ಕದ ಮನೆಯ ದೊಡ್ಡವ್ವ. ಮೊದಲ ಪಾಠ ಒಂದೇ ಮಾತು: “ತಮ್ಮಾ, ಗುದ್ದಬ್ಯಾಡ, ತಟ್ಟು.” ಕಚೇರಿಯಲ್ಲಿ ಇಷ್ಟು ವರ್ಷ ಗುದ್ದಿಯೇ ಕೆಲಸ ತೆಗೆದವನಿಗೆ ಈ ಮಾತು ಕೈಗೆ ಇಳಿಯಲು ಬಹಳ ಕಾಲ ಹಿಡಿಯಿತು. ತಟ್ಟುವಾಗ ಬೇರೆ ಯೋಚನೆ ಮಾಡಲಾಗುವುದಿಲ್ಲ. ಮಾಡಿದರೆ ಅಂಚು ಹರಿದು ಕೂಡಲೇ ಹೇಳಿಬಿಡುತ್ತದೆ. ಧ್ಯಾನ ಶಿಬಿರಗಳಲ್ಲಿ ಕಾಣದ ಸೌಕರ್ಯ ಇದು.

ನಮ್ಮ ಜಿಲ್ಲೆಯಲ್ಲಿ ರೊಟ್ಟಿಗೂ ಆಯುಷ್ಯಕ್ಕೂ ಹಳೆಯ ನಂಟಿದೆ. ಮಾನ್ವಿಯ ಶ್ರೀನಿವಾಸಾಚಾರ್ಯರು ಸಂಸ್ಕೃತದ ದೊಡ್ಡ ಪಂಡಿತರು. ಚೀಕಲಪರ್ವಿಯ ವಿಜಯದಾಸರು ಊರಿಗೆ ಬಂದು ಊಟಕ್ಕೆ ಕರೆದಾಗ, ಕನ್ನಡದಲ್ಲಿ ಹಾಡಿ ಕುಣಿಯುವವರ ಪಂಕ್ತಿ ತಮಗೇಕೆಂದು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರಂತೆ. ನೆಪವೇ ನಿಜವಾಗಿ ನೋವು ಹತ್ತಿಕೊಂಡಿತು. ಕೊನೆಗೆ ಅವರನ್ನು ಉಳಿಸಿದವರು ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು. ತಮ್ಮ ಆಯುಷ್ಯದಲ್ಲಿ 40 ವರ್ಷ ಅವರಿಗೆ ಧಾರೆಯೆರೆದರು, ಅದು ಕೈಬದಲಾದದ್ದು ಜೋಳದ ರೊಟ್ಟಿಯ ಮೂಲಕ ಎಂದು ಈ ಕಡೆಯ ಹಿರಿಯರು ಹೇಳುತ್ತಾರೆ. ಪವಾಡ ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನ್ನನ್ನು ಹಿಡಿದದ್ದು ಮುಂದಿನ ಭಾಗ. ಆ ಪಂಡಿತರೇ ಜಗನ್ನಾಥದಾಸರಾಗಿ, ತಾವು ತಾತ್ಸಾರ ಮಾಡಿದ ಕನ್ನಡದಲ್ಲೇ, ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ ಬರೆದರು. ದೊಡ್ಡ ಕೆಲಸ ನಡೆದದ್ದು ಎರಡನೆಯ ಆಯುಷ್ಯದಲ್ಲಿ.

ಈಗ ಮಾನ್ವಿ ಕಡೆ ಹೋದರೆ ಕಣ್ಣಿಗೆ ಬೀಳುವುದು ಭತ್ತದ ಗದ್ದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದಲ್ಲೆಲ್ಲ ಗಂಗಾಳದಲ್ಲಿ ಅನ್ನ ಮೇಲೇರಿತು. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಬಂದ ಮೇಲೆ ಅಲ್ಲೂ ಅಷ್ಟೇ. ದುಡ್ಡು ತಂದ ಬೆಳೆಯನ್ನು ದೂರಲಾರೆ. ಆದರೆ 2023ರಲ್ಲಿ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಆಚರಿಸಿದಾಗ, ನಮ್ಮ ಮನೆಯ ಜೋಳವನ್ನು ನಮಗೇ ಹೊಸದಾಗಿ ಪರಿಚಯಿಸುವ ಭಾಷಣ ಕೇಳಿ ನಗು ತಡೆಯಲಾಗಲಿಲ್ಲ.

ಇಷ್ಟೆಲ್ಲ ಸಂಭ್ರಮವನ್ನು ಒಂದು ದಿನ ದೊಡ್ಡವ್ವನ ಮುಂದೆ ಬಿಚ್ಚಿದೆ. ರೊಟ್ಟಿ ತಟ್ಟುವಾಗ ಮನಸ್ಸು ಹೇಗೆ ಹಗುರಾಗುತ್ತದೆ ಅಂತೆಲ್ಲ. ಕವಳದ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು. “ನಿನಗ ಈಗ ಸಿಕ್ಕೈತಿ, ಖುಷಿ. ನನಗ ಈಗ ಬಿಟ್ಟೈತಿ, ಅದೂ ಖುಷಿನ.” ಲಂಗ ಉಡುವ ವಯಸ್ಸಿಗೇ ಒಲೆ ಮುಂದೆ ಕೂತವಳು. ಹೊಲಕ್ಕೆ ಬುತ್ತಿ, ಆಳಿಗೆ ಬುತ್ತಿ, ಬಂದವರಿಗೆ, ಹೋದವರಿಗೆ. ಅಂಗೈ ನೋಡಿದರೆ ಸಾಕು. ಈಗ ಸೊಸೆ ಪೇಟೆಯಿಂದ ಖಡಕ್ ರೊಟ್ಟಿಯ ಕಟ್ಟು ತರಿಸುತ್ತಾಳೆ. ದೊಡ್ಡವ್ವ ಅದಕ್ಕೆ ಹೆಸರಿಟ್ಟರೂ ಹಾಲಲ್ಲಿ ನೆನೆಸಿ ತಿಂದು, ಸಂಜೆ ಭಜನೆಗೆ ಹೋಗುತ್ತಾಳೆ. ದಮ್ಮಡಿ ಬಾರಿಸುವುದನ್ನು ಕಲಿತದ್ದು ಇತ್ತೀಚೆಗೆ. ರೊಟ್ಟಿ ಬಡಿದ ಕೈಗೆ ತಾಳ ಹೇಳಿಕೊಡಬೇಕಾಗಲಿಲ್ಲವಂತೆ. ಹಾಡಿನ ಸಾಲು ಮರೆತರೂ ದಮ್ಮಡಿ ತಪ್ಪುವುದಿಲ್ಲ.

ನನ್ನ ರುಚಿಪಟ್ಟಿಯಲ್ಲಿ ಮೊದಲ ಜಾಗ ಹಂಚಿನಿಂದ ನೇರ ಗಂಗಾಳಕ್ಕೆ ಬಂದ ಬಿಸಿ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿಗೆ. ಶೇಂಗಾ ಹಿಂಡಿ ಮೊಸರಿನ ಜೊತೆ ಎರಡನೆಯದು. ಎಣ್ಣೆಗಾಯಿಯನ್ನು ಹೋಟೆಲಿನವರು ಎಣ್ಣೆಯಲ್ಲಿ ಮುಳುಗಿಸಿ ಕೆಡಿಸಿದ್ದಾರೆ, ಅದರ ಮಾತು ಇನ್ನೊಂದು ವಾರ. ಗುರುವಾರದ ಭಜನೆಯವರಿಗೆ ರೊಟ್ಟಿ ಕಳಿಸಬೇಕೆಂದು ದೊಡ್ಡವ್ವ ಹೇಳಿಕಳಿಸಿದ್ದಾಳೆ, ತೆಳ್ಳಗಿರಬೇಕಂತೆ, ಅರ್ಧ ಜನಕ್ಕೆ ಹಲ್ಲಿಲ್ಲ. ಹಿಟ್ಟು ಇವತ್ತೇ ಬೀಸಿಸಬೇಕು. ಮಧ್ಯಾಹ್ನದ ಮೇಲೆ ಕರೆಂಟು ಇರುವುದಿಲ್ಲ ಎಂದು ಗಿರಣಿಯವನು ಆಗಲೇ ಎಚ್ಚರಿಸಿದ್ದಾನೆ.