ಗುಮಾಸ್ತ ಎಲಿಯಾನ ಬಿಚ್ಚುಮಾತು

ಚಾರ್ಲ್ಸ್ ಲ್ಯಾಂಬ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮಕ್ಕಳಿಗಾಗಿ ಬರೆದ ಶೇಕ್ಸ್‌ಪಿಯರ್ ಕಥೆಗಳು. 1807ರ ಆ ಪುಸ್ತಕದ ಬಹುಪಾಲು ಕಥೆಗಳನ್ನು ಬರೆದವಳು ಅವನ ಅಕ್ಕ ಮೇರಿ. ಮುಖಪುಟದಲ್ಲಿ ಅಚ್ಚಾದದ್ದು ಮಾತ್ರ ತಮ್ಮನ ಹೆಸರು. ಪ್ರಬಂಧಕಾರ ಲ್ಯಾಂಬ್ ಇನ್ನೊಬ್ಬ. 1792ರಿಂದ 1825ರವರೆಗೆ, 33 ವರ್ಷ, ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಲೆಕ್ಕ ಬರೆದ ಗುಮಾಸ್ತ. ಹೊಟ್ಟೆಪಾಡು ಅಲ್ಲಿ ನಡೆಯುತ್ತಿತ್ತು. ಸಾಹಿತ್ಯವೇನಿದ್ದರೂ ಮಿಕ್ಕ ಹೊತ್ತಿನದು. 1820ರಿಂದ ‘ಲಂಡನ್ ಮ್ಯಾಗಜೀನ್’ನಲ್ಲಿ ಎಲಿಯಾ ಎಂಬ ಹೆಸರಿಟ್ಟುಕೊಂಡು ಬರೆದ ಪ್ರಬಂಧಗಳನ್ನು ಎಲ್ಲರೂ ಹೊಗಳುವುದು ಮನಬಿಚ್ಚಿ ಬರೆದಿದ್ದಾನೆಂದು. ನನಗೆ ಆ ಹೊಗಳಿಕೆ ಅರ್ಧ ಮಾತ್ರ ಸರಿ ಎನ್ನಿಸುತ್ತದೆ.

ಓದಿನ ಕುರಿತ ಅವನ ಪ್ರಬಂಧ 1822ರದು. ಸುಮ್ಮನೆ ಕೂತು ಯೋಚಿಸುವುದು ತನಗಾಗದು, ಪುಸ್ತಕಗಳೇ ತನ್ನ ಪರವಾಗಿ ಯೋಚಿಸುತ್ತವೆ ಎಂದು ಸಂಕೋಚವಿಲ್ಲದೆ ಹೇಳಿಬಿಡುತ್ತಾನೆ. ಪಂಚಾಂಗ, ಡೈರೆಕ್ಟರಿ, ಕಾನೂನಿನ ಹೊತ್ತಗೆಗಳೆಲ್ಲ ಪುಸ್ತಕದ ವೇಷ ತೊಟ್ಟವು, ಪುಸ್ತಕಗಳಲ್ಲ ಎಂದು ಹೊರಗಿಡುವಾಗ ಇತಿಹಾಸಕಾರರಾದ ಹ್ಯೂಮ್, ಗಿಬ್ಬನ್‌ರನ್ನೂ ಆ ಗುಂಪಿಗೇ ತಳ್ಳುತ್ತಾನೆ. ಓದಲಾರೆ ಎಂದು ಒಪ್ಪಿಕೊಳ್ಳುವುದು ಪ್ರಾಮಾಣಿಕತೆಯೇ. ಅದನ್ನೇ ಪದಕದಂತೆ ತೋರಿಸಿಕೊಳ್ಳುವುದು ಜಂಬ. ಆದರೆ ಕೊಳ್ಳಲು ಕಾಸಿಲ್ಲದೆ ಬೀದಿಯಂಗಡಿಯ ಮುಂದೆ ನಿಂತು, ಅಂಗಡಿಯವನ ಕಣ್ಣಿಗೆ ಅಂಜುತ್ತ ದಿನಕ್ಕಿಷ್ಟು ಪುಟ ಓದುವವರ ಬಗ್ಗೆ ಬರೆಯುವಾಗ ಆ ಜಂಬ ಎಲ್ಲೋ ಹೋಗುತ್ತದೆ. ಗೆಳೆಯನೊಬ್ಬ ಹೀಗೆ ‘ಕ್ಲಾರಿಸಾ’ ಕಾದಂಬರಿಯ ಎರಡು ಸಂಪುಟ ಮುಗಿಸುವಷ್ಟರಲ್ಲಿ ಅಂಗಡಿಯವನು, ಕೊಳ್ಳುವ ಮನಸ್ಸಿದೆಯೇ ಎಂದು ಕೇಳಿದನಂತೆ. ಅಲ್ಲಿಗೆ ಓದು ಮುಗಿಯಿತು. ಲ್ಯಾಂಬ್‌ನ ಅತ್ಯುತ್ತಮ ಬರಹವಿರುವುದು ಇಂಥ ಕಡೆ: ಇನ್ನೊಬ್ಬರ ಪುಟ್ಟ ಅವಮಾನವನ್ನು ನಗುತ್ತಲೇ ತನ್ನದಾಗಿ ಮಾಡಿಕೊಂಡಾಗ.

ತನ್ನ ಮನೆಯ ನೋವಿನ ವಿಷಯಕ್ಕೆ ಬಂದರೆ ಈ ಮಾತುಗಾರ ಬಾಯಿ ಬಿಡುವುದಿಲ್ಲ. 1796ರ ಸೆಪ್ಟೆಂಬರ್‌ನಲ್ಲಿ ಮೇರಿ ಬುದ್ಧಿಭ್ರಮಣೆಯಾಗಿ ತಾಯಿಯನ್ನು ಚಾಕುವಿನಿಂದ ಇರಿದು ಕೊಂದಳು. ಆಗ ಚಾರ್ಲ್ಸ್‌ಗೆ 21 ವರ್ಷ. ಅಕ್ಕನ ಹೊಣೆ ಹೊತ್ತ, ಮದುವೆಯಾಗಲಿಲ್ಲ, ಸಾಯುವವರೆಗೂ ನೋಡಿಕೊಂಡ. ಪ್ರಬಂಧಗಳಲ್ಲಿ ಅವಳು ಬ್ರಿಜೆಟ್ ಎಂಬ ಸೋದರಸಂಬಂಧಿ. ಕಾದಂಬರಿ ಓದುತ್ತಾಳೆ, ಎಲಿಯಾನೊಡನೆ ಹುಸಿಮುನಿಸು ಮಾಡುತ್ತಾಳೆ. ಇದನ್ನು ಅಪ್ರಾಮಾಣಿಕತೆ ಎನ್ನಲು ನನಗೆ ಮನಸ್ಸಿಲ್ಲ. ಬದುಕಿರುವ ಅಕ್ಕನ ಮರ್ಯಾದೆ ಕಾಯುವುದು ತಮ್ಮನ ಧರ್ಮ.

ಮುಚ್ಚಿಟ್ಟದ್ದು ಹೊರಬಂದದ್ದು ಬೇರೆ ದಾರಿಯಲ್ಲಿ. ನಿಜವಾದ ಪ್ರತಿಭೆ ಸ್ವಸ್ಥವಾದದ್ದು ಎಂದು ವಾದಿಸುವ ಚಿಕ್ಕ ಪ್ರಬಂಧವೊಂದನ್ನು ಅವನು 1826ರಲ್ಲಿ ಪ್ರಕಟಿಸಿದ. ಎಲಿಯಾನ ಎಂದಿನ ಚೇಷ್ಟೆ, ಹರಟೆ ಅದರಲ್ಲಿಲ್ಲ. ಪ್ರತಿಭೆಗೂ ಹುಚ್ಚಿಗೂ ನಂಟು ಎಂಬ ಹಳೆಯ ನಂಬಿಕೆಯನ್ನು ತಳ್ಳಿಹಾಕಿ, ಕವಿ ಎಚ್ಚರವಾಗಿದ್ದೇ ಕನಸು ಕಾಣುತ್ತಾನೆ, ವಸ್ತು ಅವನ ಹಿಡಿತದಲ್ಲಿರುತ್ತದೆಯೇ ಹೊರತು ಅವನು ವಸ್ತುವಿನ ಹಿಡಿತದಲ್ಲಲ್ಲ ಎನ್ನುತ್ತಾನೆ. ಕಾವ್ಯಮೀಮಾಂಸೆಯಾಗಿ ಇದು ತೀರ ಸರಳ. ಎದುರು ಉದಾಹರಣೆಗಳನ್ನು ಯಾರಾದರೂ ಕೊಡಬಹುದು. ಆದರೆ ಬರೆದವನು ತಾನೂ ಯೌವನದಲ್ಲಿ ಆರು ವಾರ ಲಂಡನ್ನಿನ ಹಾಕ್ಸ್‌ಟನ್‌ನ ಹುಚ್ಚಾಸ್ಪತ್ರೆಯಲ್ಲಿದ್ದು ಬಂದವನು. ಹುಚ್ಚು ಎಂದರೇನೆಂದು ಮನೆಯೊಳಗೇ ಕಂಡವನಿಗೆ ಅದನ್ನು ಕವಿಯ ಅಲಂಕಾರವೆಂದು ಒಪ್ಪಲು ಹೇಗೆ ಸಾಧ್ಯ? ಅವನ ಬರಹದಲ್ಲೆಲ್ಲ ನಿಜಕ್ಕೂ ಮನಬಿಚ್ಚಿದ ಪ್ರಬಂಧ ಇದೇ ಎಂಬುದು ನನ್ನ ಎಣಿಕೆ.

ಇಂಥ ಪ್ರಬಂಧಗಳನ್ನು ಕನ್ನಡದಲ್ಲಿ ಬರೆದ ನಮ್ಮ ಎ. ಎನ್. ಮೂರ್ತಿರಾವ್ ಇಂಗ್ಲಿಷ್ ಅಧ್ಯಾಪಕರಾಗಿದ್ದವರು. ಅವರ ಪ್ರಬಂಧ ಸಂಕಲನ ‘ಹಗಲುಗನಸುಗಳು’ (1937) ಓದಿದರೆ ಇಂಗ್ಲಿಷ್ ಪ್ರಬಂಧದ ಆ ಸಲಿಗೆ ಕನ್ನಡಕ್ಕೆ ಎಷ್ಟು ಚೆನ್ನಾಗಿ ಒಗ್ಗಿತೆಂದು ತಿಳಿಯುತ್ತದೆ. ಆದರೆ ಬಿಚ್ಚುಮಾತಿನಲ್ಲಿ ಅವರು ಲ್ಯಾಂಬ್‌ಗಿಂತ ಮುಂದೆ ಹೋದರು. ತೊಂಬತ್ತು ದಾಟಿದ ಮೇಲೆ ಪ್ರಕಟಿಸಿದ ‘ದೇವರು’ (1991) ಪುಸ್ತಕದಲ್ಲಿ ತಮ್ಮ ಅಪನಂಬಿಕೆಯನ್ನು ಯಾವ ಎಲಿಯಾನ ಮರೆಯೂ ಇಲ್ಲದೆ, ತಮ್ಮ ಹೆಸರಿನಲ್ಲೇ ಹೇಳಿದರು.

ಲ್ಯಾಂಬ್‌ನ ಬಿಚ್ಚುಮಾತು ನಿಜಕ್ಕೂ ಸೋಲುವುದು ದಿನನಿತ್ಯದ ಬದುಕಿನ ವಿಷಯದಲ್ಲಿ. 1821ರ ಪ್ರಬಂಧವೊಂದರಲ್ಲಿ ಸ್ಕಾಟರು, ಯಹೂದಿಗಳು, ಕಪ್ಪು ಜನರ ಬಗೆಗಿನ ತನ್ನ ಪೂರ್ವಗ್ರಹಗಳನ್ನು ಅಭಿರುಚಿಯ ಮಾತೆಂಬಂತೆ ಆಡುತ್ತಾನೆ. ಮುಚ್ಚುಮರೆಯಿಲ್ಲದೆ ಹೇಳಿದ ಮಾತ್ರಕ್ಕೆ ಅವು ಕ್ಷಮ್ಯವಾಗುವುದಿಲ್ಲ. ಇನ್ನು ಕಚೇರಿ. ಬೆಳಗೆಲ್ಲ ನೀಲಿ, ಹತ್ತಿ, ರೇಷ್ಮೆಯ ಲೆಕ್ಕ ಬರೆದು ದಣಿದ ಲೇಖನಿ ನಡುರಾತ್ರಿ ಪ್ರಬಂಧದ ಮೇಲೆ ಕುಣಿಯುತ್ತದೆಂದು ತಮಾಷೆಯಾಗಿ ಬರೆಯುತ್ತಾನೆ. ಕಚೇರಿಯ ಬೇಡದ ಕಾಗದವೇ ಬರೆಯುವ ಹಾಳೆ. ನಿವೃತ್ತಿಯ ಪ್ರಬಂಧವಂತೂ ಸೊಗಸು: ಸಿಕ್ಕ ಬಿಡುವನ್ನು ಏನು ಮಾಡಬೇಕೆಂದು ತೋಚದೆ ಅಲೆಯುವ ಮುದಿ ಗುಮಾಸ್ತ. ಅಲ್ಲಿ ಕಂಪನಿ ಮಾಯವಾಗಿ ಕಲ್ಪನೆಯ ವ್ಯಾಪಾರಿಗಳ ಅಂಗಡಿ ಬರುತ್ತದೆ. ಭಾರತವೋ, ಬಹುಮಟ್ಟಿಗೆ ಸರಕಿನ ಹೆಸರುಗಳಾಗಿಯೇ ಉಳಿಯುತ್ತದೆ. 1799ರಲ್ಲಿ ಶ್ರೀರಂಗಪಟ್ಟಣದಿಂದ ಕೊಳ್ಳೆಹೊಡೆದ ಟಿಪ್ಪುವಿನ ಹುಲಿಯಂತ್ರವನ್ನು 1808ರಿಂದ ಪ್ರದರ್ಶನಕ್ಕಿಟ್ಟದ್ದು ಲ್ಯಾಂಬ್ ಲೆಕ್ಕ ಬರೆಯುತ್ತಿದ್ದ ಅದೇ ಕಟ್ಟಡದಲ್ಲಿ. ಕವಿ ಕೀಟ್ಸ್ ಅದನ್ನು ತನ್ನ ಪದ್ಯವೊಂದರಲ್ಲಿ ತಂದ. ತನ್ನ ನಿಜವಾದ ಕೃತಿಗಳು ಕಂಪನಿಯ ಕಪಾಟಿನಲ್ಲಿರುವ ಲೆಕ್ಕದ ಪುಸ್ತಕಗಳೇ ಎಂದು ಲ್ಯಾಂಬ್ ಹಾಸ್ಯ ಮಾಡುತ್ತಿದ್ದ. ಆ ಪುಟಗಳಲ್ಲಿ ಯಾರ ಸರಕಿನ ಲೆಕ್ಕವಿತ್ತೆಂದು ಬಲ್ಲ ಕನ್ನಡದ ಓದುಗನಿಗೆ ಈ ಹಾಸ್ಯಕ್ಕೆ ಅಷ್ಟು ಸಲೀಸಾಗಿ ನಗು ಬಾರದು.