ಸ್ಮರಣ ಸಂಚಿಕೆಯ ಶೀರ್ಷಿಕೆಗಳು

ಮುಂಬಯಿಯ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳು ಈ ಊರಿನ ಕನ್ನಡಿಗರ ಚರಿತ್ರೆ ಬರೆಯುವವರಿಗೆ ಆಕರ. ವಿಲೆ ಪಾರ್ಲೆಯಂಥ ಉಪನಗರಗಳಲ್ಲಿ ಕಚೇರಿ ಮುಗಿಸಿ ಬಂದವರು ರಾತ್ರಿ ಕೂತು ಪುಟ ಕಟ್ಟುವ ಈ ಕೆಲಸ ದೊಡ್ಡದು. ಅದಕ್ಕೇ ಅದರಲ್ಲಿನ ಒಂದು ರೂಢಿಯನ್ನು ಖಚಿತವಾಗಿ ಟೀಕಿಸಬೇಕಾಗಿದೆ. ಎಂಎಸ್ ವರ್ಡ್‌ನಲ್ಲಿ ‘ಹೆಡಿಂಗ್ 1’ ಎಂಬ ಸ್ಟೈಲ್ ಇದ್ದರೂ, ಒಂದೊಂದು ಶೀರ್ಷಿಕೆಯನ್ನೂ ಆರಿಸಿ ಕೈಯಾರೆ ಬೋಲ್ಡ್ ಮಾಡಿ, 18 ಪಾಯಿಂಟ್‌ಗೆ ಹಿಗ್ಗಿಸುವ ರೂಢಿ ಅದು.

ಅಚ್ಚಿನಲ್ಲಿ ಎರಡಕ್ಕೂ ವ್ಯತ್ಯಾಸ ಕಾಣದು, ಕಡತದಲ್ಲಿ ಬಹಳ. ಸ್ಟೈಲ್ ಇಲ್ಲದ ಶೀರ್ಷಿಕೆ ತಾನಾಗಿ ಪರಿವಿಡಿಗೆ ಸೇರುವುದಿಲ್ಲ. ಅಳತೆ ಬದಲಿಸಬೇಕಾದರೆ ಪ್ರತಿಯೊಂದನ್ನೂ ಮತ್ತೆ ಮುಟ್ಟಬೇಕು. ಎನ್‌ವಿಡಿಎಯಂಥ ತೆರೆ ಓದುಗದಲ್ಲಿ ‘ಎಚ್’ ಕೀಲಿ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹೋಗುವ ದೃಷ್ಟಿಹೀನ ಓದುಗರಿಗೆ ಆ ದಾರಿಯೇ ಮುಚ್ಚುತ್ತದೆ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ನಷ್ಟ.

ಇದನ್ನು ಸೋಮಾರಿತನವೆಂದು ತಳ್ಳಿಹಾಕುವುದು ತಪ್ಪು. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಕನ್ನಡ ಇದ್ದದ್ದೇ ಫಾಂಟಿನಲ್ಲಿ. ಸ್ಟೈಲ್ ಹಚ್ಚಿ ಫಾಂಟ್ ಬದಲಾದರೆ ಇಡೀ ಲೇಖನ ರೋಮನ್ ಗೋಜಲಾಗುತ್ತಿತ್ತು. ಯುನಿಕೋಡ್ ಬಂದ ಮೇಲೂ ತೊಡಕು ಪೂರ್ತಿ ತೀರಲಿಲ್ಲ. ವರ್ಡ್ ಕನ್ನಡವನ್ನು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂದು ಬೇರೆಯಾಗಿ ಎಣಿಸುತ್ತದೆ. ಸ್ಟೈಲಿನಲ್ಲಿ ಇಂಗ್ಲಿಷಿನ ಫಾಂಟ್, ಅಳತೆ ತಿದ್ದಿದರೆ ಕನ್ನಡ ಅಲುಗುವುದಿಲ್ಲ. ಮುಂಬಯಿಯಲ್ಲಿ ಇನ್ನೊಂದು ಪೇಚು: ಅದೇ ಸಂಚಿಕೆಯ ಮರಾಠಿ ಶುಭಾಶಯವೂ ಅದೇ ಕಾಂಪ್ಲೆಕ್ಸ್ ಖಾನೆಗೆ ಬೀಳುತ್ತದೆ. ಅಲ್ಲಿ ತುಂಗಾ ಫಾಂಟ್ ಇಟ್ಟರೆ ಅದರಲ್ಲಿ ದೇವನಾಗರಿ ಅಕ್ಷರಗಳೇ ಇಲ್ಲ. ಎರಡೂ ಲಿಪಿಗಳಿರುವ ನಿರ್ಮಲಾ ಯುಐ ಇಟ್ಟರೆ ಈ ಪೇಚು ಬಗೆಹರಿಯುತ್ತದೆ.

ಕೈಯಾರೆ ತಿದ್ದುವುದೆಲ್ಲ ದೋಷವಲ್ಲ. ಒಂದು ಕವಿತೆಯ ಒಂದೇ ಸಾಲನ್ನು ಕವಿ ಒಳಸರಿಸಿದ್ದರೆ ಅಲ್ಲಿ ಕೈಯೇ ಸರಿ. ಅದೇ ತಿದ್ದುಪಡಿ ಎರಡನೇ ಸಲ ಬೇಕಾದರೆ ಅದಕ್ಕೊಂದು ಹೆಸರಿಟ್ಟು ಸ್ಟೈಲ್ ಮಾಡಬೇಕು. ಹಳೆಯ ಕಡತ ಶುದ್ಧಿ ಮಾಡುವಾಗ ಕಂಟ್ರೋಲ್-ಸ್ಪೇಸ್ ಅಕ್ಷರದ ಮೇಲಿನ, ಕಂಟ್ರೋಲ್-ಕ್ಯೂ ಪ್ಯಾರಾದ ಮೇಲಿನ ಕೈತಿದ್ದುಪಡಿಯನ್ನು ತೆಗೆಯುತ್ತವೆ. ಆದರೆ ಆಸ್ಕಿ ಬರಹವನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಲೇಬೇಕು. ಇಲ್ಲವಾದರೆ ಫಾಂಟಿನ ಜೊತೆ ಕನ್ನಡವೂ ಹೋಗುತ್ತದೆ.

ಲೇಖನ ಕೋರಿ ಪತ್ರ ಬರೆಯುವಾಗಲೇ ಸಂಪಾದಕ ಮಂಡಳಿ ಸ್ಟೈಲ್‌ಗಳಿರುವ ಒಂದು ಟೆಂಪ್ಲೇಟ್ ಕಳಿಸಲಿ. ಸಂಚಿಕೆ ಬಿಡುಗಡೆಯಾದ ಮೇಲೆ ಪಿಡಿಎಫ್ ಜೊತೆ ಮೂಲ ಕಡತವನ್ನೂ ಕಾಪಿಡಲಿ. ಮುಂದಿನ ಸಂಪಾದಕರಿಗೂ ಕಿವಿಯಿಂದ ಓದುವವರಿಗೂ ಸಲ್ಲಬೇಕಾದ ಕನಿಷ್ಠ ಗೌರವ ಇದು.